ನಿಮ್ಮದೇ ಫೋಟೊ ಪುಸ್ತಕ: ಫೋಟೊ ಆರಿಸುವುದರಿಂದ ಬೈಂಡಿಂಗ್‌ವರೆಗೆ

ಅಜ್ಜಿ ತೀರಿಕೊಂಡ ಮೇಲೆ, ಅವರ ಮನೆ ಖಾಲಿ ಮಾಡುವ ಮೊದಲು, ಒಂದು ವಾರ ಅಲ್ಲೇ ಇದ್ದು ಮೂಲೆಮೂಲೆಯ ಫೋಟೊ ತೆಗೆದಿದ್ದೆ. ಬಾಗಿಲ ಚಿಲಕ. ಕಿಟಕಿ ಪಕ್ಕ ಅವರು ಕೂರುತ್ತಿದ್ದ ಕಡೆ ನೆಲ ಸವೆದು ನುಣ್ಣಗಾಗಿದ್ದು. ಕ್ಯಾಲೆಂಡರ್ ತೆಗೆದ ಮೇಲೆ ಗೋಡೆಯಲ್ಲಿ ಉಳಿದ ಬಿಳಿ ಚೌಕ. ಒಟ್ಟು ಸಾವಿರದ ನಾನೂರು ಫೋಟೊ. ಎರಡು ವರ್ಷ ಅವು ಹಾರ್ಡ್ ಡಿಸ್ಕಿನಲ್ಲೇ ಬಿದ್ದಿದ್ದವು. ಮನೆಯವರು ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಆಮೇಲೆ ಅದರಲ್ಲಿ 46 ಫೋಟೊ ಆರಿಸಿ 64 ಪುಟದ ಪುಸ್ತಕ ಮಾಡಿದೆ. ಚಿಕ್ಕಮ್ಮ ಅದನ್ನು ತೊಡೆ ಮೇಲಿಟ್ಟುಕೊಂಡು ಒಂದು ಗಂಟೆ ಕೂತಿದ್ದರು. ಅದೇ ಫೋಟೊಗಳನ್ನು ಅವರಿಗೆ ಮೊಬೈಲಿನಲ್ಲಿ ಕಳಿಸಿದ್ದಾಗ ಒಂದು ನಿಮಿಷದಲ್ಲಿ ನೋಡಿ ಮುಗಿಸಿದ್ದರು.

ಇಂಥ ಪುಸ್ತಕ ಮಾಡುವುದಕ್ಕೆ ದೊಡ್ಡ ಕ್ಯಾಮೆರಾ ಬೇಡ, ಪ್ರಕಾಶಕರೂ ಬೇಡ. 1843ರಲ್ಲಿ ಇಂಗ್ಲೆಂಡಿನ ಆ್ಯನಾ ಅಟ್ಕಿನ್ಸ್ ಸಮುದ್ರದ ಪಾಚಿಗಳನ್ನು ಬಿಸಿಲಿನಲ್ಲಿ ನೀಲಿ ಅಚ್ಚುಗಳಾಗಿ ಮೂಡಿಸಿ, ಸ್ವಂತ ಖರ್ಚಿನಲ್ಲಿ ಪುಸ್ತಕವಾಗಿ ಹೊರತರಲು ಶುರು ಮಾಡಿದರು. ಪ್ರತಿಗಳನ್ನು ಸ್ನೇಹಿತರಿಗೆ, ಪರಿಚಯದ ವಿಜ್ಞಾನಿಗಳಿಗೆ ಹಂಚಿದರು. ಚಿತ್ರಗಳೆಲ್ಲ ಫೋಟೊಗಳೇ ಆಗಿದ್ದ ಮೊದಲ ಪುಸ್ತಕ ಅಂತ ಅದನ್ನೇ ಹೇಳುತ್ತಾರೆ. ಅಂದರೆ ಫೋಟೊ ಪುಸ್ತಕ ಹುಟ್ಟಿದ್ದೇ ಹೀಗೆ, ಒಬ್ಬರು ತಾವೇ ಮಾಡಿ ಬೇಕಾದವರ ಕೈಗೆ ಕೊಟ್ಟಿದ್ದರಿಂದ.

ಮೊದಲು ಒಂದು ವಾಕ್ಯ ಬರೆಯಿರಿ

ಪುಸ್ತಕ ಯಾವುದರ ಬಗ್ಗೆ, ಯಾರ ಕೈಗೆ ಹೋಗುತ್ತದೆ? ಒಂದೇ ವಾಕ್ಯದಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿ. "ನನ್ನ ಪ್ರವಾಸದ ಫೋಟೊಗಳು" ಅಂತ ಬರೆದರೆ ಸಾಲದು, ಅಷ್ಟಕ್ಕೆ ಇರೋಬರೋ ಫೋಟೊ ಎಲ್ಲ ಒಳಗೆ ಬಂದುಬಿಡುತ್ತದೆ. "ಅಪ್ಪ ನಿವೃತ್ತರಾದ ಮೊದಲ ವರ್ಷ, ತಂಗಿಯ ಮಕ್ಕಳಿಗಾಗಿ" ಅಂತ ಬರೆದರೆ ಯಾವುದು ಬೇಕು, ಯಾವುದು ಬೇಡ ಅನ್ನುವುದು ಅಲ್ಲೇ ಅರ್ಧ ತೀರ್ಮಾನವಾಗುತ್ತದೆ.

ನನ್ನ ವಾಕ್ಯ "ಅಜ್ಜಿ ಇಲ್ಲದ ಅಜ್ಜಿಯ ಮನೆ". ಅದನ್ನು ಬರೆದ ದಿನವೇ, ಜೊತೆಗೆ ಇಟ್ಟುಕೊಂಡಿದ್ದ ಅಜ್ಜಿಯ ಮುಖ ಇರುವ ಹಳೇ ಫೋಟೊಗಳನ್ನೆಲ್ಲ ಬೇರೆ ಫೋಲ್ಡರಿಗೆ ಹಾಕಿದೆ. ಸಂಕಟವಾಯಿತು. ಆದರೆ ಆ ಒಂದು ತೀರ್ಮಾನ ಇಲ್ಲದಿದ್ದರೆ ಪುಸ್ತಕವೇ ಆಗುತ್ತಿರಲಿಲ್ಲ.

ಮೂಲ ಫೈಲುಗಳನ್ನು ಕಲೆಹಾಕಿ

ಅಚ್ಚಿನಲ್ಲಿ ಫೋಟೊ ಚೆನ್ನಾಗಿ ಬರಬೇಕಾದರೆ ಒಂದು ಇಂಚಿಗೆ ಸುಮಾರು 300 ಪಿಕ್ಸೆಲ್ ಬೇಕು. ಲೆಕ್ಕ ಸುಲಭ. 12 ಮೆಗಾಪಿಕ್ಸೆಲ್ ಮೊಬೈಲ್ ಫೋಟೊ ಸಾಮಾನ್ಯವಾಗಿ 4032 × 3024 ಪಿಕ್ಸೆಲ್ ಇರುತ್ತದೆ. 300ರಿಂದ ಭಾಗಿಸಿದರೆ ಹತ್ತಿರಹತ್ತಿರ 13 × 10 ಇಂಚು. ಅಂದರೆ ಇಡೀ ಪುಟಕ್ಕೆ ಧಾರಾಳವಾಗಿ ಸಾಕು. 200 ಪಿಕ್ಸೆಲ್‌ಗೆ ಇಳಿದರೂ ಕಣ್ಣಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಅದಕ್ಕಿಂತ ಕೆಳಗಿಳಿದರೆ ಆ ಫೋಟೊವನ್ನು ಪುಟದಲ್ಲಿ ಚಿಕ್ಕದಾಗಿಯೇ ಬಳಸಿ.

ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊಗಳ ಬಗ್ಗೆ ಹುಷಾರಾಗಿರಿ. ಕಳಿಸುವಾಗಲೇ ಅವು ಕುಗ್ಗಿರುತ್ತವೆ. 1600 × 1200 ಪಿಕ್ಸೆಲ್‌ಗೆ ಇಳಿದಿದ್ದರೆ ಅಚ್ಚಿಗೆ ಸಿಗುವುದು ಐದೂಕಾಲು ಇಂಚು ಅಗಲ, ಅಷ್ಟೇ. ಯಾರಾದರೂ ಫೋಟೊ ಕಳಿಸುವುದಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಆಗ ಮೂಲ ಫೈಲೇ ಬರುತ್ತದೆ.

ಹಳೇ ಕಾಗದದ ಫೋಟೊ ಇದ್ದರೆ 600 ಡಿಪಿಐಗೆ, ಅಂದರೆ ಒಂದು ಇಂಚಿಗೆ 600 ಚುಕ್ಕೆಯ ಲೆಕ್ಕದಲ್ಲಿ, ಸ್ಕ್ಯಾನ್ ಮಾಡಿ. 4 × 6 ಇಂಚಿನ ಫೋಟೊ ಆಗ 2400 × 3600 ಪಿಕ್ಸೆಲ್ ಆಗುತ್ತದೆ, 8 × 12 ಇಂಚಿನವರೆಗೆ ಹಿಗ್ಗಿಸಬಹುದು. ಸ್ಕ್ಯಾನರಿನ ಗಾಜನ್ನೂ ಫೋಟೊವನ್ನೂ ಮೆತ್ತನೆ ಬಟ್ಟೆಯಲ್ಲಿ ಒರೆಸಿಕೊಂಡೇ ಶುರು ಮಾಡಿ. ಒಂದು ಧೂಳಿನ ಕಣ ತೆಗೆಯಲು ಆಮೇಲೆ ಕಂಪ್ಯೂಟರಿನಲ್ಲಿ ಹತ್ತು ನಿಮಿಷ ಹೋಗುತ್ತದೆ.

ಆರಿಸುವುದು, ಅಂದರೆ ಬಿಡುವುದು

ಮೂರು ಸುತ್ತಿನಲ್ಲಿ ಮಾಡಿ. ಮೊದಲ ಸುತ್ತು ವೇಗವಾಗಿ, ಒಂದು ಫೋಟೊಗೆ ಎರಡು ಸೆಕೆಂಡು. ಮನಸ್ಸು ನಿಂತರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಮುಂದೆ ಹೋಗಿ. ಆಮೇಲೆ ಒಂದು ವಾರ ಆ ಕಡೆ ತಲೆ ಹಾಕಬೇಡಿ. ಎರಡನೇ ಸುತ್ತಿನಲ್ಲಿ ಒಂದೇ ಮಾತು ಹೇಳುವ ಫೋಟೊಗಳನ್ನು ಅಕ್ಕಪಕ್ಕ ಇಟ್ಟು ಒಂದನ್ನು ಮಾತ್ರ ಉಳಿಸಿ. ನನ್ನ ಹತ್ತಿರ ಅದೇ ಕಿಟಕಿಯ 31 ಫೋಟೊ ಇತ್ತು. ಒಂದೊಂದರಲ್ಲೂ ಬೆಳಕು ಬೇರೆ, ಒಂದೊಂದೂ ಇಷ್ಟ. ಕೊನೆಗೆ ಎರಡು ಉಳಿದವು.

ಬಿಡಲು ಕಷ್ಟವಾಗುವುದು ಎಂಥದ್ದು ಗೊತ್ತಾ? ಪಡಿಪಾಟಲು ಪಟ್ಟು ತೆಗೆದ ಫೋಟೊ. ಬೆಳಗಿನ ಜಾವ ಎದ್ದು, ಏಣಿ ಹತ್ತಿ ತೆಗೆದದ್ದು. ಆದರೆ ಆ ಏಣಿ ಫೋಟೊದಲ್ಲಿ ಕಾಣುವುದಿಲ್ಲ ಅಲ್ವಾ? ನೋಡುವವರಿಗೆ ಕಾಣುವುದು ಚೌಕಟ್ಟಿನೊಳಗೆ ಇದ್ದದ್ದು ಮಾತ್ರ.

64 ಪುಟಕ್ಕೆ 40ರಿಂದ 50 ಫೋಟೊ ಹಿಡಿಸುತ್ತದೆ. ಮೂರನೇ ಸುತ್ತಿಗೆ ಸುಮಾರು 80 ಫೋಟೊ ಉಳಿಯುವ ಹಾಗೆ ನೋಡಿಕೊಳ್ಳಿ. ಅವನ್ನು ಅಂಗೈಯಷ್ಟು ಚಿಕ್ಕದಾಗಿ, ಸಾದಾ ಕಾಗದದ ಮೇಲೆ ಪ್ರಿಂಟ್ ತೆಗೆದು ಕತ್ತರಿಸಿಕೊಳ್ಳಿ. ಇಲ್ಲಿಂದ ಮುಂದಿನ ಕೆಲಸ ಪರದೆಯ ಮೇಲಲ್ಲ, ನೆಲದ ಮೇಲೆ.

ಸಾಲಾಗಿ ಜೋಡಿಸುವುದು

ಈ ಹಂತಕ್ಕೆ ಜಾಸ್ತಿ ದಿನ ಕೊಡಿ. ಪುಸ್ತಕ ಆಗುವುದು ಇಲ್ಲೇ. ಸಾಫ್ಟ್‌ವೇರ್, ಕಾಗದ, ಬೈಂಡಿಂಗ್ ಎಲ್ಲ ಇದರ ನಂತರದ ಮಾತು.

ಚಿಕ್ಕ ಪ್ರಿಂಟುಗಳನ್ನು ನೆಲದ ಮೇಲೆ ಹರಡಿ, ಮೊದಲು ಜೋಡಿಗಳನ್ನು ಹುಡುಕಿ. ಪುಸ್ತಕ ತೆರೆದಾಗ ಎರಡು ಪುಟ ಒಟ್ಟಿಗೆ ಕಾಣುತ್ತವೆ. ಎಡಗಡೆಯದ್ದು ಬಲಗಡೆಯದ್ದರ ಜೊತೆ ಮಾತಾಡುತ್ತದೆ. ಒಂದೇ ಬಣ್ಣ, ಒಂದೇ ಆಕಾರ, ಒಂದೇ ಕಡೆಗೆ ಹೋಗುವ ಗೆರೆ, ಯಾವುದಾದರೂ ಆಗಬಹುದು. ಗೋಡೆಯ ಬಿಳಿ ಚೌಕದ ಫೋಟೊ ಎಲ್ಲಿ ಇಟ್ಟರೂ ಸುಮ್ನೆ ಖಾಲಿ ಗೋಡೆಯ ಹಾಗೆ ಕಾಣುತ್ತಿತ್ತು. ಒಂದು ಸಂಜೆ ಅದು ಆಕಸ್ಮಿಕವಾಗಿ ಕಿಟಕಿಯ ಬೆಳಕು ನೆಲದ ಮೇಲೆ ಬಿದ್ದ ಫೋಟೊದ ಪಕ್ಕ ಬಂತು. ಅದೂ ಚೌಕ, ಇದೂ ಚೌಕ. ಒಂದು ಇನ್ನು ಸ್ವಲ್ಪ ಹೊತ್ತಿಗೆ ಹೋಗುವ ಬೆಳಕು, ಇನ್ನೊಂದು ಹೋಗದೆ ಉಳಿದ ಗುರುತು. ಆ ಎರಡನ್ನೂ ಆಮೇಲೆ ಬೇರೆ ಮಾಡಲಿಲ್ಲ.

ಜೋಡಿಗಳಾದ ಮೇಲೆ ಸಾಲು. ದಿನಾಂಕದ ಪ್ರಕಾರ ಜೋಡಿಸುವುದು ಸುಲಭ, ಆದರೆ ಬಹಳ ಸಲ ಸಪ್ಪೆಯಾಗುತ್ತದೆ. ಬೇರೆ ದಾರಿಗಳನ್ನೂ ನೋಡಿ. ನಾನು ಮೊದಲು ಮುಂಬಾಗಿಲಿನಿಂದ ಹಿತ್ತಿಲವರೆಗೆ ನಡೆದುಕೊಂಡು ಹೋಗುವ ಹಾಗೆ ಜೋಡಿಸಿದ್ದೆ. ಮನೆಯ ನಕ್ಷೆ ನೋಡಿದ ಹಾಗಾಯಿತು. ಆಮೇಲೆ ಬೆಳಕಿನ ಪ್ರಕಾರ ಜೋಡಿಸಿದೆ: ಬೆಳಗಿನದ್ದು ಮೊದಲು, ಸಂಜೆಯದ್ದು ಕೊನೆಗೆ. ಆಗ ಅದೇ ಫೋಟೊಗಳು ಒಂದು ದಿನ ಕಳೆದ ಹಾಗೆ ಕಂಡವು.

ಪುಟ ತಿರುಗಿಸುವ ಕ್ಷಣವನ್ನು ಮರೆಯಬೇಡಿ. ಬಲಪುಟ ನೋಡಿದವರು ಹಾಳೆ ಮಗುಚುವವರೆಗೆ ಮುಂದಿನದ್ದನ್ನು ಕಾಣುವುದಿಲ್ಲ. ಮುಚ್ಚಿದ ಬಾಗಿಲು ಬಲಪುಟದಲ್ಲಿದ್ದು, ಮಗುಚಿದಾಗ ಒಳಗಿನ ಕೋಣೆ ಬಂದರೆ, ಬಾಗಿಲನ್ನು ತೆಗೆದವರು ಓದುಗರೇ. ಹಾಗೆಯೇ ಖಾಲಿ ಪುಟಕ್ಕೆ ಹೆದರಬೇಡಿ. ಮುಖ್ಯವಾದ ಫೋಟೊದ ಎದುರು ಏನೂ ಇಡದಿದ್ದರೆ ಕಣ್ಣು ಅಲ್ಲಿ ನಿಲ್ಲುತ್ತದೆ. ಅಂಚಿನವರೆಗೆ ತುಂಬುವ ದೊಡ್ಡ ಫೋಟೊ ಇಡೀ ಪುಸ್ತಕದಲ್ಲಿ ಮೂರ್ನಾಲ್ಕು ಸಾಕು. ಎಲ್ಲವೂ ದೊಡ್ಡದಾದರೆ ಯಾವುದೂ ದೊಡ್ಡದು ಅನ್ನಿಸುವುದಿಲ್ಲ.

ಕೈಯಿಂದ ಒಂದು ಡಮ್ಮಿ ಕಟ್ಟಿ

ಡಮ್ಮಿ ಅಂದರೆ ಪುಸ್ತಕದ ಮಾದರಿ ಪ್ರತಿ. 16 ಎ4 ಹಾಳೆ ತೆಗೆದುಕೊಳ್ಳಿ. ನಾಲ್ಕು ನಾಲ್ಕು ಹಾಳೆಯನ್ನು ಒಟ್ಟಿಗೆ ಅರ್ಧಕ್ಕೆ ಮಡಚಿ. ಒಂದೊಂದು ಕಟ್ಟಿನಲ್ಲಿ 16 ಪುಟ ಬರುತ್ತದೆ, ನಾಲ್ಕು ಕಟ್ಟಿಗೆ 64. ಮಡಿಕೆಯ ಮೇಲೆ ದಬ್ಬಳದಿಂದ ಮೂರು ತೂತು ಮಾಡಿ, ದಪ್ಪ ದಾರದಲ್ಲಿ ಹೊಲಿದು, ಬೆನ್ನಿಗೆ ಅಂಟು ಹಚ್ಚಿ. ಚಿಕ್ಕ ಪ್ರಿಂಟುಗಳನ್ನು ಅದರೊಳಗೆ ಪೆನ್ಸಿಲ್ ಗುರುತು ಮಾಡಿ ಅಂಟಿಸಿ. ಒಂದು ಸಂಜೆಯ ಕೆಲಸ.

ಇದನ್ನು ದಯವಿಟ್ಟು ಬಿಡಬೇಡಿ. ಪುಟ 1 ಯಾವಾಗಲೂ ಬಲಗಡೆ, ಬೆಸ ಸಂಖ್ಯೆಯ ಪುಟಗಳೆಲ್ಲ ಬಲಗಡೆ ಅನ್ನುವುದು ಡಮ್ಮಿ ಕೈಯಲ್ಲಿದ್ದರೆ ತಾನಾಗಿ ಗೊತ್ತಾಗುತ್ತದೆ. ಎರಡು ಪುಟಕ್ಕೆ ಹಿಗ್ಗಿಸಿದ ಫೋಟೊದ ನಡುಭಾಗ ಮಡಿಕೆಯೊಳಗೆ ಹೋಗುವುದೂ ಆಗಲೇ ಕಾಣುತ್ತದೆ. ಡಮ್ಮಿ ಇಲ್ಲದೆ ನಾನು ಮಾಡಿದ್ದ ಇನ್ನೊಂದು ಪುಸ್ತಕದಲ್ಲಿ ನಗುತ್ತಾ ನಿಂತ ಅತ್ತೆಯ ಮುಖ ಸರಿಯಾಗಿ ಮಡಿಕೆಗೆ ಬಿದ್ದಿತ್ತು. ಒಂದು ಕಣ್ಣು ಆ ಕಡೆ, ಒಂದು ಕಣ್ಣು ಈ ಕಡೆ. ಪರದೆಯಲ್ಲಿ ಎರಡು ಪುಟವೂ ಚಪ್ಪಟೆಯಾಗಿ ಕಾಣುತ್ತಿದ್ದರಿಂದ ನನಗೆ ಗೊತ್ತೇ ಆಗಲಿಲ್ಲ. ಅತ್ತೆ ಏನೂ ಅನ್ನಲಿಲ್ಲ, ಆದರೆ ಆ ಪುಟ ಬಂದಾಗ ಈಗಲೂ ನನಗೆ ಬೇಜಾರಾಗುತ್ತದೆ.

ಡಮ್ಮಿಯನ್ನು ನಿಮ್ಮ ಕಥೆ ಗೊತ್ತಿಲ್ಲದ ಒಬ್ಬರಿಗೆ ಕೊಡಿ. ಏನೂ ವಿವರಿಸಬೇಡಿ. ಅವರ ಬೆರಳು ಎಲ್ಲಿ ನಿಲ್ಲುತ್ತದೆ, ಎಲ್ಲಿ ಎರಡು ಹಾಳೆ ಒಟ್ಟಿಗೆ ಮಗುಚುತ್ತದೆ, ಎಲ್ಲಿ ಹಿಂದಕ್ಕೆ ಹೋಗುತ್ತದೆ, ಅಷ್ಟು ನೋಡಿಕೊಳ್ಳಿ. ಎರಡು ಹಾಳೆ ಒಟ್ಟಿಗೆ ಹೋದ ಕಡೆ ಏನೋ ಜಾಸ್ತಿಯಾಗಿದೆ.

ಅಳತೆ, ಕಾಗದ, ಬೈಂಡಿಂಗ್

ಮೊದಲ ಪುಸ್ತಕ ಚಿಕ್ಕದಿರಲಿ. ಎಂಟು ಇಂಚಿನ ಆಸುಪಾಸು, ಕೈಯಲ್ಲಿ ಹಿಡಿದು ನೋಡುವಷ್ಟು. ಫೋಟೊಗಳು ಹೆಚ್ಚಾಗಿ ಅಡ್ಡ ಇದ್ದರೆ ಅಡ್ಡ ಪುಸ್ತಕ, ಉದ್ದ ಇದ್ದರೆ ಉದ್ದ ಪುಸ್ತಕ, ಎರಡೂ ಬೆರೆತಿದ್ದರೆ ಚೌಕ.

ಕಾಗದದಲ್ಲಿ ಮೂರು ಬಗೆ ಅಂತ ಇಟ್ಟುಕೊಳ್ಳಿ. ಗ್ಲಾಸಿ ಆರ್ಟ್ ಪೇಪರಿನಲ್ಲಿ ಬಣ್ಣ ಗಾಢವಾಗಿ ಬರುತ್ತದೆ, ಆದರೆ ದೀಪ ಪ್ರತಿಫಲಿಸುತ್ತದೆ, ಬೆರಳಿನ ಗುರುತು ಉಳಿಯುತ್ತದೆ. ಮ್ಯಾಟ್ ಆರ್ಟ್ ಪೇಪರ್ ಎಲ್ಲದಕ್ಕೂ ಹೊಂದುತ್ತದೆ, ಮೊದಲ ಸಲಕ್ಕೆ ಅದನ್ನೇ ತೆಗೆದುಕೊಳ್ಳಿ. ಲೇಪನವಿಲ್ಲದ ಕಾಗದ ಮುಟ್ಟಲು ಹಿತ, ಆದರೆ ಶಾಯಿಯನ್ನು ಹೀರಿಕೊಳ್ಳುವುದರಿಂದ ಕಪ್ಪು ಸ್ವಲ್ಪ ಬೂದಿಯಾಗುತ್ತದೆ. ಒಳಪುಟಕ್ಕೆ 150ರಿಂದ 170 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ) ಒಳ್ಳೆಯದು. ತೀರಾ ತೆಳುವಾದರೆ ಹಿಂದಿನ ಪುಟದ ಫೋಟೊ ಈ ಕಡೆ ಇಣುಕುತ್ತದೆ.

ಪ್ರೆಸ್ಸಿನವರಿಗೆ ಒಂದು ಪ್ರಶ್ನೆ ಕೇಳಿ: ಕಾಗದದ ನಾರು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿ ಇರುತ್ತದಾ? ನೀವೇ ಪರೀಕ್ಷಿಸಬಹುದು. ಹಾಳೆಯನ್ನು ಒಂದು ಸಲ ಉದ್ದಕ್ಕೆ, ಒಂದು ಸಲ ಅಡ್ಡಕ್ಕೆ ಮೆಲ್ಲಗೆ ಬಾಗಿಸಿ. ಯಾವ ಕಡೆ ಸಲೀಸಾಗಿ ಬಾಗುತ್ತದೋ, ಆ ಬಾಗಿನ ಗೆರೆಯ ಉದ್ದಕ್ಕೇ ನಾರು ಇರುತ್ತದೆ. ಅಡ್ಡ ನಾರಿನ ಪುಸ್ತಕ ತೆರೆದರೆ ಹಾಳೆಗಳು ಸೆಟೆದು ನಿಲ್ಲುತ್ತವೆ.

ಬೈಂಡಿಂಗ್ ವಿಷಯಕ್ಕೆ ಬಂದರೆ, 48 ಪುಟದ ಒಳಗಿನ ತೆಳು ಪುಸ್ತಕಕ್ಕೆ ನಡುವೆ ಪಿನ್ ಹೊಡೆಯುವ ಬೈಂಡಿಂಗ್ ಸಾಕು. ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು. ಅಂಟಿನ ಪರ್ಫೆಕ್ಟ್ ಬೈಂಡಿಂಗ್ ಅಗ್ಗ, ಆದರೆ ಪೂರ್ತಿ ತೆರೆದುಕೊಳ್ಳುವುದಿಲ್ಲ. ಒಳಮಗ್ಗುಲಿನ ಒಂದು ಸೆಂಟಿಮೀಟರಿನಷ್ಟು ಕಾಣದೆ ಹೋಗುತ್ತದೆ. ನನ್ನ ಆಯ್ಕೆ ಹೊಲಿಗೆ ಬೈಂಡಿಂಗ್. ಚೆನ್ನಾಗಿ ತೆರೆಯುತ್ತದೆ, ಹತ್ತಾರು ವರ್ಷ ಬಾಳುತ್ತದೆ. ಲೇಫ್ಲಾಟ್ ಅನ್ನುವುದು ಮಡಿಕೆ ಕಾಣದ ಹಾಗೆ ಚಪ್ಪಟೆಯಾಗಿ ತೆರೆಯುತ್ತದೆ, ಆದರೆ ಹಾಳೆ ದಪ್ಪ, ಭಾರ ಜಾಸ್ತಿ, ಪುಟ ಕಡಿಮೆ.

ಪುಟ ವಿನ್ಯಾಸ ಮತ್ತು ಕನ್ನಡ ಅಕ್ಷರ

ದುಡ್ಡು ಕೊಡದೆ ಮಾಡಬೇಕೆಂದರೆ ಸ್ಕ್ರೈಬಸ್ ಅನ್ನುವ ಪುಟ ವಿನ್ಯಾಸದ ಸಾಫ್ಟ್‌ವೇರ್ ಇದೆ. ಅಡೋಬಿ ಇನ್‌ಡಿಸೈನ್‌ಗೆ ಚಂದಾ ಕಟ್ಟಬೇಕು. ಬ್ಲರ್ಬ್‌ನಂಥ ಆನ್‌ಲೈನ್ ಮುದ್ರಕರು ತಮ್ಮದೇ ಉಚಿತ ಸಾಫ್ಟ್‌ವೇರ್ ಕೊಡುತ್ತಾರೆ. ಯಾವುದಾದರೂ ಆಗಲಿ, ಡಮ್ಮಿ ಸಿದ್ಧವಿದ್ದರೆ ಇಲ್ಲಿ ಉಳಿದಿರುವುದು ಅದನ್ನು ನೋಡಿಕೊಂಡು ಇಡುವ ಕೆಲಸ. ಫೋಟೊ ಇಡುವ ಎರಡೋ ಮೂರೋ ಅಳತೆಗಳನ್ನು ನಿಗದಿ ಮಾಡಿ ಇಡೀ ಪುಸ್ತಕಕ್ಕೆ ಅವನ್ನೇ ಬಳಸಿ. ಹೂಬಳ್ಳಿ ಅಂಚು, ನೆರಳು, ಓರೆ ಚೌಕಟ್ಟು ಯಾವುದೂ ಬೇಡ.

ಕನ್ನಡದಲ್ಲಿ ಬರೆಯುವುದಿದ್ದರೆ ಮೊದಲ ದಿನವೇ ಒಂದು ಪರೀಕ್ಷೆ ಮಾಡಿ. "ಲಕ್ಷ್ಮೀ, ಶಾಸ್ತ್ರಿ, ರಾಷ್ಟ್ರ, ಅರ್ಘ್ಯ" ಅಂತ ಟೈಪ್ ಮಾಡಿ ಪಿಡಿಎಫ್ ತೆಗೆದು ನೋಡಿ. ಒತ್ತಕ್ಷರ ಬಿಡಿಬಿಡಿಯಾಗಿ ಬಂದರೆ, ಅರ್ಕಾವೊತ್ತು ಜಾಗ ತಪ್ಪಿದರೆ, ಆ ಸಾಫ್ಟ್‌ವೇರ್‌ಗೆ ನಮ್ಮ ಲಿಪಿ ಜೋಡಿಸಲು ಬರುತ್ತಿಲ್ಲ ಅಂತ ಅರ್ಥ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಸೆಟ್ಟಿಂಗಿಗೆ ಹೋಗಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿದರೆ ಸರಿಹೋಗುತ್ತದೆ. ಯೂನಿಕೋಡ್ ಫಾಂಟ್ ಬಳಸಿ. ನೋಟೊ ಸೆರಿಫ್ ಕನ್ನಡ, ತಿರೋ ಕನ್ನಡ ಎರಡೂ ಉಚಿತ, ಪುಸ್ತಕಕ್ಕೆ ಹೊಂದುತ್ತವೆ.

ಸಾಲುಗಳ ನಡುವಿನ ಜಾಗ ಜಾಸ್ತಿ ಕೊಡಿ. ಇಂಗ್ಲಿಷಿಗೆ ಸಾಕಾಗುವ ಅಳತೆ ನಮಗೆ ಸಾಲದು, ಒತ್ತಕ್ಷರ ಕೆಳಗಿಳಿದು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತದೆ. 10 ಪಾಯಿಂಟ್ ಅಕ್ಷರಕ್ಕೆ 16 ಪಾಯಿಂಟ್ ಸಾಲು ಇಟ್ಟರೆ ಉಸಿರಾಡಲು ಜಾಗ ಸಿಗುತ್ತದೆ.

ಬರಹ ಕಡಿಮೆ ಇರಲಿ. ಫೋಟೊದಲ್ಲಿ ಕಾಣುವುದನ್ನೇ ಮತ್ತೆ ಬರೆಯಬೇಡಿ. ಕಾಣದ್ದನ್ನು ಬರೆಯಿರಿ. ಚಿಲಕದ ಫೋಟೊಗೆ ನಾನು ಬರೆದದ್ದು ಇಷ್ಟೇ: "ರಾತ್ರಿ ಎರಡು ಸಲ ಎಳೆದು ನೋಡುತ್ತಿದ್ದರು."

ಬಣ್ಣ ಮತ್ತು ಬೆಳಕು

ಪರದೆ ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಹಾಗಾಗಿ ಅಚ್ಚಾದ ಫೋಟೊ ಬಹುತೇಕ ಯಾವಾಗಲೂ ಅಂದುಕೊಂಡದ್ದಕ್ಕಿಂತ ಕಪ್ಪಗೆ ಬರುತ್ತದೆ. ಒಂದು ಸರಳ ಉಪಾಯ: ಹಗಲಿನಲ್ಲಿ, ಪರದೆಯ ಪಕ್ಕ ಒಂದು ಬಿಳಿ ಹಾಳೆ ಹಿಡಿಯಿರಿ. ಪರದೆಯ ಬಿಳಿ ಆ ಹಾಳೆಯ ಬಿಳಿಯಷ್ಟೇ ಕಾಣುವವರೆಗೆ ಬ್ರೈಟ್‌ನೆಸ್ ಇಳಿಸಿ. ಆಮೇಲೆ ಫೋಟೊಗಳನ್ನು ತಿದ್ದಿ. ನೆರಳಿನ ಭಾಗಗಳನ್ನು ಸ್ವಲ್ಪ ಮೇಲೆತ್ತಿ.

ಮುದ್ರಕರು ಬಣ್ಣದ ಪ್ರೊಫೈಲ್ (ತಮ್ಮ ಯಂತ್ರದಲ್ಲಿ ಬಣ್ಣ ಹೇಗೆ ಬರುತ್ತದೆ ಅಂತ ತಿಳಿಸುವ ಫೈಲು) ಕೊಟ್ಟರೆ ಅದನ್ನು ಬಳಸಿ, ಏನೂ ಹೇಳದಿದ್ದರೆ ಸಾಮಾನ್ಯವಾಗಿ ಎಲ್ಲ ಕಡೆ ಬಳಸುವ ಎಸ್‌ಆರ್‌ಜಿಬಿ ಇರಲಿ. ಹೊಳೆಯುವ ನೀಲಿ, ಕಣ್ಣು ಕುಕ್ಕುವ ಹಸಿರು ನಾಲ್ಕು ಶಾಯಿಯ (ಸಯಾನ್, ಮಜೆಂಟಾ, ಹಳದಿ, ಕಪ್ಪು) ಅಚ್ಚಿನಲ್ಲಿ ಹಾಗೇ ಬರುವುದಿಲ್ಲ, ಸ್ವಲ್ಪ ಮಂಕಾಗುತ್ತವೆ. ಅಕ್ಷರಗಳು ಮಾತ್ರ ಬರೀ ಕಪ್ಪು ಶಾಯಿಯಲ್ಲಿರಲಿ. ನಾಲ್ಕು ಶಾಯಿ ಸೇರಿಸಿದರೆ ಅಂಚು ಕಲಸಿದ ಹಾಗಾಗುತ್ತದೆ.

ಪ್ರೆಸ್ಸಿಗೆ ಹೋಗುವ ಫೈಲು

ಅಂಚಿನವರೆಗೆ ಬರುವ ಫೋಟೊ ಕತ್ತರಿಸುವ ಗೆರೆಯಿಂದ 3 ಮಿಲಿಮೀಟರ್ ಆಚೆಗೂ ಚಾಚಿರಬೇಕು. ಇದೇ ಬ್ಲೀಡ್. ಇಲ್ಲದಿದ್ದರೆ ಕಟಿಂಗ್ ಕೂದಲೆಳೆಯಷ್ಟು ಸರಿದರೂ ಬಿಳಿ ಗೆರೆ ಉಳಿಯುತ್ತದೆ. ಅಕ್ಷರ, ಮುಖ ಇತ್ಯಾದಿ ಅಂಚಿನಿಂದ ಕನಿಷ್ಠ 8 ಮಿಲಿಮೀಟರ್ ಒಳಗಿರಲಿ. ಬೆನ್ನಿನ ಕಡೆ ಇನ್ನೂ ಜಾಸ್ತಿ ಬಿಡಿ.

ಪಿಡಿಎಫ್ ಅನ್ನು ಬಿಡಿ ಪುಟಗಳಾಗಿ, ಫಾಂಟ್ ಒಳಗೇ ಸೇರಿಸಿ ತೆಗೆಯಿರಿ. ಅಚ್ಚಿಗೆಂದೇ ಇರುವ ಪಿಡಿಎಫ್ ಬಗೆಗಳಲ್ಲಿ ಪಿಡಿಎಫ್/ಎಕ್ಸ್-4 ಅಥವಾ ಎಕ್ಸ್-1ಎ, ಮುದ್ರಕರು ಕೇಳಿದ್ದು. ಮುಖಪುಟ ಬೇರೆ ಫೈಲು: ಎಡಗಡೆ ಹಿಂಬದಿ, ನಡುವೆ ಬೆನ್ನು, ಬಲಗಡೆ ಮುಂಬದಿ. ಬೆನ್ನಿನ ದಪ್ಪ ಲೆಕ್ಕ ಹಾಕುವುದು ಹೀಗೆ: 64 ಪುಟ ಅಂದರೆ 32 ಹಾಳೆ. ಒಂದು ಹಾಳೆ 0.15 ಮಿಲಿಮೀಟರ್ ಇದ್ದರೆ 4.8 ಮಿಲಿಮೀಟರ್. ಗಟ್ಟಿ ರಟ್ಟಾದರೆ ಅದರ ದಪ್ಪವೂ ಸೇರುತ್ತದೆ, ಅಂತಿಮ ಅಳತೆಯನ್ನು ಮುದ್ರಕರಿಂದಲೇ ಪಡೆಯಿರಿ.

ಒಂದೇ ಒಂದು ಪ್ರತಿ

ಮೊದಲು ಒಂದು ಪ್ರತಿ ಮಾತ್ರ ಮಾಡಿಸಿ. ಈ ಪರೀಕ್ಷೆಯ ಪ್ರತಿಯೇ ಪ್ರೂಫ್. ನನ್ನ ಪ್ರೂಫ್ ಬಂದಾಗ ಒಳಕೋಣೆಯ ಒಂಬತ್ತು ಫೋಟೊ ಕಪ್ಪಾಗಿ, ಮೂಲೆಯಲ್ಲಿದ್ದ ಪೆಟ್ಟಿಗೆ ಕಾಣದೇ ಹೋಗಿತ್ತು. ಪರದೆಯ ಬೆಳಕು ಇಳಿಸುವ ಉಪಾಯ ಕಲಿತದ್ದು ಆಮೇಲೆಯೇ. ಅವನ್ನು ತಿದ್ದಿ ಎರಡನೇ ಪ್ರೂಫ್ ತೆಗೆಸಿದೆ.

ಪ್ರೂಫನ್ನು ಕಿಟಕಿ ಬೆಳಕಿನಲ್ಲಿ ನೋಡಿ. ಪುಟದ ಕ್ರಮ, ಮಡಿಕೆಗೆ ಬಿದ್ದ ಭಾಗ, ಚರ್ಮದ ಬಣ್ಣ, ಹೆಸರುಗಳ ಕಾಗುಣಿತ. ಕಾಗುಣಿತವನ್ನು ಬೇರೆಯವರಿಂದ ಓದಿಸಿ, ಬರೆದವರ ಕಣ್ಣು ತಪ್ಪನ್ನು ಹಾರಿಕೊಂಡು ಹೋಗುತ್ತದೆ.

ಎಷ್ಟು ಪ್ರತಿ, ಯಾರಿಗೆ

ಕೊಡಬೇಕಾದವರ ಹೆಸರು ಬರೆದು ಎಣಿಸಿ, ಐದು ಸೇರಿಸಿ. ಅಷ್ಟೇ ಸಾಕು. ಡಿಜಿಟಲ್ ಮುದ್ರಣದಲ್ಲಿ ಹತ್ತು ಪ್ರತಿಯೂ ಆಗುತ್ತದೆ, ಬೇಕಾದಾಗ ಮತ್ತೆ ಹತ್ತು ತೆಗೆಸಬಹುದು. ಆಫ್‌ಸೆಟ್‌ಗೆ ಪ್ಲೇಟ್ ಮಾಡುವ ಖರ್ಚು ಮೊದಲೇ ಬೀಳುವುದರಿಂದ ನೂರಾರು ಪ್ರತಿ ಮಾಡಿದರೆ ಮಾತ್ರ ಲಾಭ.

ಅಂಗಡಿಗಳಲ್ಲಿ ಮಾರುವ ಯೋಚನೆ ಇದ್ದರೆ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಪಡೆಯಿರಿ. 2007ರಿಂದ ಅದು 13 ಅಂಕಿಯದ್ದು. ಆಯಾ ದೇಶದ ಸಂಸ್ಥೆ ಕೊಡುತ್ತದೆ, ಕೆಲವು ಕಡೆ ಉಚಿತ, ಕೆಲವು ಕಡೆ ಶುಲ್ಕ. ಗಟ್ಟಿ ರಟ್ಟಿನ ಆವೃತ್ತಿಗೂ ಮೆತ್ತನೆ ರಟ್ಟಿನದ್ದಕ್ಕೂ ಬೇರೆ ಬೇರೆ ಸಂಖ್ಯೆ ಬೇಕು. ಮನೆಮಂದಿಗೆ ಹಂಚುವ ಪುಸ್ತಕಕ್ಕೆ ಇದರ ಅಗತ್ಯವೇ ಇಲ್ಲ. ಆದರೆ ಫೋಟೊದಲ್ಲಿ ಇರುವವರನ್ನು ಕೇಳುವುದನ್ನು ಯಾವುದಕ್ಕೂ ಬಿಡಬೇಡಿ. ಡಮ್ಮಿ ಹಂತದಲ್ಲೇ ತೋರಿಸಿ, ಬೇಡ ಅಂದರೆ ತೆಗೆದುಬಿಡಿ.

ಕೊನೆಯ ಪುಟದಲ್ಲಿ ವರ್ಷ, ಫೋಟೊ ತೆಗೆದವರು, ಕಾಗದ, ಫಾಂಟ್, ಪ್ರತಿಗಳ ಸಂಖ್ಯೆ ಬರೆಯಿರಿ. ಮೂಲ ಫೋಟೊ, ವಿನ್ಯಾಸದ ಫೈಲು, ಪಿಡಿಎಫ್ ಮೂರನ್ನೂ ಎರಡು ಬೇರೆ ಜಾಗದಲ್ಲಿ ಇಡಿ.

ಇನ್ನೊಂದು. ಕೊನೆಗೆ ಒಂದೆರಡು ಖಾಲಿ ಹಾಳೆ ಬಿಡಿ, ಅವು ಲೇಪನವಿಲ್ಲದ ಕಾಗದದ್ದಾಗಿರಲಿ. ಆರ್ಟ್ ಪೇಪರಿನ ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲ. ಚಿಕ್ಕಮ್ಮ ತಮ್ಮ ಪ್ರತಿಯ ಆ ಹಾಳೆಯಲ್ಲಿ ಗೋಡೆಯ ಒಂದೊಂದು ಮೊಳೆಗೂ ಏನೇನು ನೇತುಹಾಕಿತ್ತು ಅಂತ ಪಟ್ಟಿ ಬರೆದಿದ್ದಾರೆ. ಹನ್ನೊಂದು ಮೊಳೆ. ಏಳನೆಯದರ ಎದುರು ಒಂದು ಪ್ರಶ್ನೆಚಿಹ್ನೆ ಇದೆ. ಪುಸ್ತಕ ಈಗ ದೊಡ್ಡಮ್ಮನ ಮನೆಗೆ ಹೋಗಿದೆ, ಅವರಿಗೆ ನೆನಪಿರಬಹುದು ಅಂತ.